ಸೀಲು ಹಾಕಿದ ಕುಲುಮೆಯಲ್ಲಿ ಏಟು

ಬಾವಿ ಪಕ್ಕದ ದಾರಿಯಲ್ಲೇ ಬರ್ತಿದ್ದ ಅಣ್ಣ. ಹೊತ್ತು ಮೀರಿತ್ತು. ಬೀದಿಯಲ್ಲಿ ಒಂದು ನಾಯಿ ಕೂಡ ಇರಲಿಲ್ಲ. ಅವನ ಚಪ್ಪಲಿದೇ ಸದ್ದು. ಚರಕ್... ಚರಕ್...

ಲೈಟು ಸ್ವಲ್ಪ ಸಣ್ಣದು ಮಾಡ್ರೋ ಯಾರಾದ್ರೂ. ನಗೋರು ಈಗಲೇ ನಕ್ಕು ಮುಗಿಸಿ. ಮಧ್ಯದಲ್ಲಿ ಯಾರಾದ್ರೂ ಕಿಸಕ್ ಅಂದ್ರೆ ನಾನು ಎದ್ದು ಹೋಗ್ತೀನಿ, ಆಮೇಲೆ ರಾತ್ರಿಯೆಲ್ಲ ನೀವೇ ಹೊರಳಾಡ್ಕೊಂಡು ಬಿದ್ದಿರಿ. ಇದು ಅವರಿವರು ಹೇಳಿದ್ದಲ್ಲ. ಅರ್ಧ ಅಣ್ಣ ಹೇಳಿದ್ದು, ಇನ್ನರ್ಧ ನಾನೇ ಕಣ್ಣಾರೆ ನೋಡಿದ್ದು.

ಅಣ್ಣ ಅಂದ್ರೆ ನಮ್ಮ ದೊಡ್ಡಮ್ಮನ ಮಗ. ಕಮ್ಮಾರ. ಗೇಟು, ಬಾಗಿಲ ಕೀಲು, ಕೊಡಲಿ, ಹಾರೆ... ಕಬ್ಬಿಣ ಆದ್ರೆ ಅವನ ಮಾತು ಕೇಳಲೇಬೇಕು. ಮನುಷ್ಯರು ಮಾತ್ರ ಕೇಳಲ್ಲ. ನಾನು ಅವನ ಮನೆ ಹಿಂದುಗಡೆ ಇರೋಳು, ಸ್ಕೂಲ್ ವ್ಯಾನ್ ಓಡಿಸ್ತೀನಿ. ಬೆಳಗ್ಗೆ ಸಂಜೆ ವ್ಯಾನ್ ತುಂಬ ಮಕ್ಕಳ ಕಿರುಚಾಟ. ಸದ್ದಿಗೆ ಬೆಚ್ಚಿಬೀಳೋ ಪೈಕಿ ಅಲ್ಲ ನಾನು, ಅದನ್ನ ಮೊದಲೇ ತಿಳ್ಕೊಂಡುಬಿಡಿ.

ಆ ರಾತ್ರಿ ಅಣ್ಣ ಊರಾಚೆ ವೆಲ್ಡಿಂಗ್ ಅಂಗಡಿಗೆ ಕೆಲಸ ಕೇಳೋಕೆ ಹೋಗಿ ವಾಪಸ್ ಬರ್ತಿದ್ದ. ಯಾಕಂದ್ರೆ ಅವನ ಕುಲುಮೆಗೆ ಪೊಲೀಸರು ಬೀಗ ಜಡಿದು ಸೀಲು ಹಾಕಿದ್ರು. ಯಾಕೆ ಏನು ಅಂತ ಹೇಳ್ತೀನಿ ಇರಿ. ಮೊದಲು ಬಾವಿ.

ಬಾವಿಗೆ ತಗಡಿನ ಮುಚ್ಚಳ ಇತ್ತು. ಗಾಳಿಗೆ ಅದರ ಒಂದು ಮೂಲೆ ಎದ್ದು ಎದ್ದು ಬೀಳ್ತಿತ್ತು. ಪಟ್... ಪಟ್... ಅಣ್ಣನಿಗೆ ತಗಡು ಹಾಗೆ ಬಡ್ಕೊಳ್ಳೋದು ಕಂಡ್ರೆ ಆಗಲ್ಲ. ಒಂದು ಕಲ್ಲು ಹುಡುಕಿ ಆ ಮೂಲೆ ಮೇಲಿಟ್ಟ. ಸದ್ದು ನಿಂತಿತು.

ಆಗ ಕೇಳಿಸ್ತು.

ಧಡ್...

ತಿರುವಿನ ಆಚೆಯಿಂದ. ಕುಲುಮೆ ಕಡೆಯಿಂದ.

ಧಡ್...

ಬೇರೆಯವರಾಗಿದ್ರೆ ಕಳ್ಳರು ಅನ್ಕೊಳ್ತಿದ್ರು. ಅಣ್ಣ ಹಾಗೆ ಅನ್ಕೊಳ್ಳಲಿಲ್ಲ. ಬಾಗಿಲು ತೆಗೆಯೋ ಸದ್ದಿನಲ್ಲೇ ಮನೆಯವರು ಯಾರು ಬಂದ್ರು ಅಂತ ನಿಮಗೆ ಗೊತ್ತಾಗಲ್ವಾ? ಹಾಗೇ ಅವನಿಗೆ ಏಟು ಯಾರದು ಅಂತ ಗೊತ್ತಾಯ್ತು. ಬೀಳೋಕೆ ಮುಂಚೆ ಒಂದು ಚೂರು ತಡೆದು, ಆಮೇಲೆ ಮೈಭಾರವನ್ನೆಲ್ಲ ಹಾಕಿ ಬೀಳೋ ಏಟು.

ಅದು ನಮ್ಮ ಅತ್ತಿಗೆ ಏಟು. ಅತ್ತಿಗೆ ಸತ್ತು ಆಗಲೇ ವರ್ಷ ದಾಟಿತ್ತು.

ಕುಲುಮೆ ಕೆಲಸ ನೀವು ನೋಡಿದೀರೋ ಇಲ್ವೋ. ಅದಕ್ಕೆ ಇಬ್ಬರು ಬೇಕು. ಒಬ್ಬರು ಕಾದ ಕಬ್ಬಿಣವನ್ನ ಇಕ್ಕಳದಲ್ಲಿ ಹಿಡಿದು ಅಡಿಗಲ್ಲು ಅನ್ನೋ ಕಬ್ಬಿಣದ ದಿಮ್ಮಿ ಮೇಲಿಡ್ತಾರೆ, ಇನ್ನೊಂದು ಕೈಯಲ್ಲಿ ಸಣ್ಣ ಸುತ್ತಿಗೆ ಇರುತ್ತೆ. ಎದುರಿಗೆ ನಿಂತವರ ಕೈಯಲ್ಲಿ ಚಮ್ಮಟಿಗೆ, ಅಂದ್ರೆ ಎರಡು ಕೈಯಲ್ಲಿ ಎತ್ತಿ ಹೊಡೆಯೋ ದೊಡ್ಡ ಸುತ್ತಿಗೆ. ಆ ಗದ್ದಲದಲ್ಲಿ ಬಾಯಿಮಾತು ಕೇಳಿಸಲ್ಲ. ಸಣ್ಣ ಸುತ್ತಿಗೆನೇ ಮಾತಾಡಬೇಕು. ಅದು ಎಲ್ಲಿ ಟಿಣ್ ಅಂತ ತಟ್ಟುತ್ತೋ ಅಲ್ಲೇ ಚಮ್ಮಟಿಗೆ ಧಡ್ ಅಂತ ಬೀಳಬೇಕು. ಟಿಣ್... ಧಡ್. ಟಿಣ್... ಧಡ್. ಸಾಕು ಅನ್ನೋಕೂ ಒಂದು ಗುರುತಿದೆ. ಕಬ್ಬಿಣ ಬಿಟ್ಟು ಬರೀ ಅಡಿಗಲ್ಲ ಮೇಲೆ ಟಿಣ್ ಟಿಣ್ ಅಂತ ಎರಡು ಸಲ ತಟ್ಟಿ ಸುತ್ತಿಗೆ ಕೆಳಗಿಡೋದು. ಅಲ್ಲಿವರೆಗೂ ಚಮ್ಮಟಿಗೆಯವರು ನಿಲ್ಲಿಸೋ ಹಾಗಿಲ್ಲ. ಭುಜ ಕಳಚಿ ಬೀಳ್ಲಿ, ನಿಲ್ಲಿಸೋ ಹಾಗಿಲ್ಲ.

ನಮ್ಮಣ್ಣನ ಕುಲುಮೆಯಲ್ಲಿ ಚಮ್ಮಟಿಗೆ ಅತ್ತಿಗೆದು. ಆಳು ಗಿಡ್ಡ, ಮೈ ಗಟ್ಟಿ. ಗಂಡನ ಜೊತೆ ಜಗಳ ಆಡಿದ ದಿನ ಏಟು ಇನ್ನೂ ಜೋರಾಗಿ ಬೀಳೋದು. "ಅವರ ತಲೆ ಅನ್ಕೊಂಡು ಹೊಡೀತೀನಿ ಕಣೇ, ಕಬ್ಬಿಣ ಬೇಗ ಬಗ್ಗುತ್ತೆ" ಅಂತ ನನ್ನ ಹತ್ರ ಹೇಳಿ ನಗೋಳು. ಒಂದೊಂದು ಏಟಿಗೂ ಬಾಯಿಂದ ಉಸಿರು ಬಿಡೋಳು. ಹುಂಹ್... ಅಂತ.

ಒಂದು ದಿನ ಹೊಡೀತಾ ಹೊಡೀತಾ ಚಮ್ಮಟಿಗೆ ಕೆಳಗಿಟ್ಟಳು. ಅಣ್ಣನ ಕೈಯಲ್ಲಿ ಕಬ್ಬಿಣ ಇನ್ನೂ ಕೆಂಪಗಿತ್ತು. "ಏನಾಯ್ತೇ, ಆರಿಹೋಗುತ್ತೆ, ಹೊಡಿ" ಅಂದ. "ಸ್ವಲ್ಪ ತಡೀರಿ" ಅಂತ ಕೂತಳು. ಕೂತವಳು ಏಳಲಿಲ್ಲ. ಎದೆ ನಿಂತುಹೋಗಿತ್ತು. ಅಣ್ಣ ಇಕ್ಕಳ ಎಸೆದು ಅವಳನ್ನ ಎತ್ಕೊಂಡು ಓಡಿದ. ಸಾಕು ಅಂತ ಆ ಎರಡು ತಟ್ಟು ಅವತ್ತು ಬೀಳಲೇ ಇಲ್ಲ. ಅದನ್ನ ಯಾರು ತಾನೇ ಯೋಚನೆ ಮಾಡ್ತಾರೆ ಆ ಹೊತ್ತಲ್ಲಿ?

ಆಮೇಲೆ ಅಣ್ಣ ಒಬ್ಬನೇ ಹೊಡ್ಕೊಂಡಿದ್ದ, ಸಣ್ಣಪುಟ್ಟ ಕೆಲಸ. ಇನ್ನೊಬ್ಬರನ್ನ ಇಟ್ಕೋ ಅಂದ್ರೆ ಮುಖ ತಿರುಗಿಸ್ತಿದ್ದ. ಆ ಕುಲುಮೆ ಬಿಟ್ರೆ ಅವನಿಗೆ ಇನ್ನೇನೂ ಉಳಿದಿರಲಿಲ್ಲ. ಮನೆಗೆ ಬರೀ ಮಲಗೋಕೆ ಬರ್ತಿದ್ದ.

ಇಂಥ ಹೊತ್ತಲ್ಲಿ ಪಕ್ಕದ ಕಟ್ಟಡಕ್ಕೆ ಹಲ್ಲಿನ ಡಾಕ್ಟರು ಬಂದ್ರು. ಕೆಳಗೆ ಕ್ಲಿನಿಕ್ಕು, ಮೇಲೆ ಮನೆ, ಕುಲುಮೆಗೂ ಅವರಿಗೂ ಮಧ್ಯೆ ಒಂದೇ ಗೋಡೆ. ಜೊತೆಗೆ ಹೆಂಡತಿ, ಒಂದು ಎಳೇ ಮಗು. ಮೊದಮೊದಲು ನೆಟ್ಟಗೇ ಮಾತಾಡಿದ್ರು, ಸುಳ್ಳು ಹೇಳಲ್ಲ ನಾನು. "ಮಧ್ಯಾಹ್ನ ಮಗು ಮಲಗುತ್ತೆ, ಸ್ವಲ್ಪ ನೋಡಿ" ಅಂದ್ರು. ಅಣ್ಣ ಊಟದ ಹೊತ್ತಿಂದ ಬಿಸಿಲು ಇಳಿಯೋವರೆಗೂ ಸುತ್ತಿಗೆ ಮುಟ್ಟೋದೇ ಬಿಟ್ಟ. ಕಬ್ಬಿಣ ಉಜ್ಜೋ ಕೆಲಸ ಆ ಹೊತ್ತಿಗೆ ಇಟ್ಕೊಂಡ.

ಅದು ಸಾಲಲಿಲ್ಲ. ಒಂದು ದಿನ ಡಾಕ್ಟರು ಯಾರದೋ ಬಾಯಲ್ಲಿ ಡ್ರಿಲ್ಲು ಇಟ್ಟಿದಾರೆ, ಗೋಡೆ ಆಚೆ ಏಟು ಬಿದ್ದಿದೆ, ಬಾಯಿ ತೆರೆದಿದ್ದವರು ಬೆಚ್ಚಿ ತುಟಿ ಕೊಯ್ದುಹೋಯ್ತು. ಆ ಮನುಷ್ಯರು ಬೀದಿಗೆ ಬಂದು ಕೂಗಾಡಿದ್ರು. ಡಾಕ್ಟರು ಕೈಗವಸು ಕೂಡ ಬಿಚ್ಚದೆ ಕುಲುಮೆ ಬಾಗಿಲಿಗೆ ಬಂದ್ರು.

"ಇದು ಮನುಷ್ಯರು ಇರೋ ಬೀದಿ ಕಣಯ್ಯ. ಈ ದರಿದ್ರ ಸದ್ದು ಎತ್ಕೊಂಡು ಊರಾಚೆ ಹೋಗು."

"ನಾನು ಈ ಬೀದಿಗೆ ಬಂದಾಗ ನಿಮ್ಮ ಕಟ್ಟಡ ಇರಲಿಲ್ಲ ಡಾಕ್ಟ್ರೇ" ಅಂದ ಅಣ್ಣ. "ನಿಮ್ಮ ಮಿಷನ್ನು ಇಡೀ ದಿನ ಝುಂಯ್ ಅನ್ನುತ್ತೆ. ನನ್ನ ಹಲ್ಲು ನೆಟ್ಟಗಿದ್ರೂ ಜುಮ್ ಅನ್ನುತ್ತೆ. ನಾನು ಏನಾದ್ರೂ ಕೇಳಿದ್ನಾ?"

"ನನ್ನದು ವೈದ್ಯ ವೃತ್ತಿ."

"ಮತ್ತೆ ನನ್ನದೇನು, ಆಟನಾ?"

ಅಲ್ಲಿಗೆ ಬಿಡಬಹುದಿತ್ತು. ಬಿಡ್ತಾನಾ ನಮ್ಮಣ್ಣ! ಮಾರನೇ ದಿನ ಕುಲುಮೆಗೆ ಬೆಂಕಿನೇ ಹಾಕಲಿಲ್ಲ. ಕಬ್ಬಿಣ ಇಲ್ಲ, ಕೆಲಸ ಇಲ್ಲ. ಬೆಳಗ್ಗಿಂದ ಸಂಜೆವರೆಗೂ ಬರೀ ಅಡಿಗಲ್ಲು ಹೊಡೆದ. ಮಧ್ಯಾಹ್ನನೂ ಬಿಡಲಿಲ್ಲ. ಮಗು ಅಳೋದು ನಮ್ಮ ಮನೆಗೂ ಕೇಳಿಸ್ತಿತ್ತು. ನಾನು ಹೋಗಿ ಬೈದೆ. "ಕೋಪ ಡಾಕ್ಟರ ಮೇಲೆ, ಶಿಕ್ಷೆ ಮಗುಗಾ? ಇಡೋ ಸುತ್ತಿಗೆ ಕೆಳಗೆ" ಅಂತ. ಇಟ್ಟ. ಆದ್ರೆ ಅಷ್ಟರಲ್ಲಿ ಡಾಕ್ಟರು ಸ್ಟೇಷನ್ನಿಗೆ ಹೋಗಿ ಬಂದಾಗಿತ್ತು.

ಪೊಲೀಸರು ಬಂದ್ರು. ವಿಚಾರಣೆ ಮುಗಿಯೋವರೆಗೂ ಕುಲುಮೆ ಬಂದ್ ಅಂದ್ರು. ಬಾಗಿಲಿಗೆ ಅವರದೇ ಬೀಗ, ಬೀಗಕ್ಕೆ ಬಟ್ಟೆ ಸುತ್ತಿ, ಅದರ ಮೇಲೆ ಕೆಂಪು ಅರಗು. ಅಣ್ಣ ಎದುರುಗಡೆ ಕಟ್ಟೆ ಮೇಲೆ ಕೂತು ನೋಡ್ತಿದ್ದ.

ಹಾಂ, ಈಗ ಬಾವಿ ಹತ್ರ ಬನ್ನಿ. ಆ ಏಟು ಕೇಳಿದ್ದು ಸೀಲು ಬಿದ್ದ ಮೇಲಿನ ಮೊದಲ ವಾರದಲ್ಲಿ. ಅಣ್ಣ ಓಡಲಿಲ್ಲ, ಕೂಗಲಿಲ್ಲ. ಮೆಲ್ಲಗೆ ಕುಲುಮೆ ಬಾಗಿಲಿಗೆ ಬಂದ. ಬೀಗ ಬೀಗದ ಜಾಗದಲ್ಲಿ, ಅರಗು ಅರಗಿನ ಜಾಗದಲ್ಲಿ. ಒಳಗೆ ಕಗ್ಗತ್ತಲು. ಬಾಗಿಲಿಗೆ ಕಿವಿ ಇಟ್ಟ.

ಧಡ್...

ಬಾಗಿಲ ಹಲಗೆ ಅವನ ಕೆನ್ನೆಗೆ ನಡುಗಿದ್ದು ಗೊತ್ತಾಯ್ತು.

"ಯಾರು..." ಅಂದ. ಅಷ್ಟೇ ಅಂದಿದ್ದು.

ಏಟು ತಡೀತು. ಒಂದು ಉಸಿರಿನಷ್ಟು ಹೊತ್ತು. ಆಮೇಲೆ ಮತ್ತೆ... ಧಡ್.

ಬೆಳಗ್ಗೆ ಬಂದು ನನಗೆ ಹೇಳಿದ. ನಾನು ನಂಬಲಿಲ್ಲ. ನಿಮ್ಮ ಹಾಗೇ ಮುಖ ಮಾಡಿದೆ. "ಊಟ ನಿದ್ದೆ ಬಿಟ್ರೆ ಹೀಗೇ ಆಗೋದು" ಅಂದೆ. ಅವನು ವಾದ ಮಾಡಲಿಲ್ಲ. "ಬೀಗ ಹಾಕಿದ್ದು ಅವಳಿಗೆ ಸರಿಬಂದಿಲ್ಲ" ಅಂದ, ಎದ್ದು ಹೋದ.

ನಾನು ನಂಬದಿದ್ರೇನು, ಬೀದಿಯೆಲ್ಲ ಕೇಳಿಸ್ಕೊಂಡಿತ್ತು. ನಮ್ಮ ಮನೆಗೂ ಕೇಳಿಸ್ತಿತ್ತು, ಎಲ್ಲೋ ಬಾಗಿಲು ಬಡ್ಕೊಳ್ತಿದೆ ಅನ್ಕೊಂಡಿದ್ದೆ. ಡಾಕ್ಟರಂತೂ ದಿನಾ ಸ್ಟೇಷನ್ನಿಗೆ ಫೋನು. "ಅವನು ಹಿಂದುಗಡೆಯಿಂದ ನುಗ್ಗಿ ಹೊಡೀತಿದಾನೆ, ಬೇಕಂತಲೇ!" ಪೇದೆ ಒಬ್ಬರು ಬಂದು ನೋಡಿದ್ರು. ಹಿಂದೆ ಕಿಟಕಿಗೆ ಅಣ್ಣನೇ ಬಡಿದು ಕೂರಿಸಿದ ಸರಳು. ಬೆಕ್ಕೂ ತೂರೋಕಾಗಲ್ಲ. ಪೇದೆ ತಲೆ ಕೆರ್ಕೊಂಡು ಹೋದ್ರು. ಆ ರಾತ್ರಿ ಅವರನ್ನೇ ಕಾವಲಿಗೆ ಹಾಕಿದ್ರು. ಮಾರನೇ ದಿನ ಆ ಮನುಷ್ಯರು ಜ್ವರ ಅಂತ ರಜ ಹಾಕಿದ್ರಂತೆ. ಏನು ಕೇಳಿಸ್ತು ಅಂತ ಮೇಲಿನವರಿಗೆ ಬಾಯಿ ಬಿಡಲಿಲ್ಲ.

ಕೊನೆಗೆ ಸಂಜೆ ಹೊತ್ತಿಗೆ ಜೀಪು ಬಂತು. ಅಣ್ಣನನ್ನ ಕರ್ಕೊಂಡು ಹೋದ್ರು.

ನಾನು ವ್ಯಾನ್ ನಿಲ್ಲಿಸಿದವಳೇ ಡಬ್ಬಿಗೆ ಊಟ ಹಾಕ್ಕೊಂಡು ಸ್ಟೇಷನ್ನಿಗೆ ಹೋದೆ. ಮೇಲೆ ಫ್ಯಾನು ಕಿರ್ರ್... ಕಿರ್ರ್... ಅಂತ ತಿರುಗ್ತಿತ್ತು. ಬೆಂಚಿನ ಮೇಲೆ ಅಣ್ಣ. ಎದುರಿಗೆ ಇನ್‌ಸ್ಪೆಕ್ಟರು. ಟೇಬಲ್ಲಿನ ಮೇಲೆ ಒಂದು ಹಾಳೆ, ಪೆನ್ನು.

"ಕುಲುಮೆ ಖಾಲಿ ಮಾಡ್ತೀನಿ ಅಂತ ಬರ್ದು ಸಹಿ ಹಾಕು" ಅಂದ್ರು ಇನ್‌ಸ್ಪೆಕ್ಟರು. "ಈಗಲೇ ಮನೆಗೆ ಹೋಗು. ಕೇಸೂ ಇಲ್ಲ, ಏನೂ ಇಲ್ಲ."

"ಹಾಕಲ್ಲ ಸಾರ್."

"ರಾತ್ರಿ ಹೊಡೆಯಲ್ಲ ಅಂತಾದ್ರೂ ಬರ್ಕೊಡು."

"ನಾನು ಹೊಡೆದಿದ್ರೆ ತಾನೇ ಹೊಡೆಯಲ್ಲ ಅಂತ ಬರ್ಕೊಡೋದು?"

"ಮತ್ತೆ ಯಾರಯ್ಯ ಹೊಡೀತಿರೋದು?"

ಅಣ್ಣ ಪೆನ್ನನ್ನ ಅವರ ಕಡೆಗೇ ತಳ್ಳಿ, "ಹೇಳ್ತೀನಿ. ನೀವು ಬರ್ಕೊಳ್ಳಲ್ಲ" ಅಂದ.

ಇನ್‌ಸ್ಪೆಕ್ಟರಿಗೆ ಸಿಟ್ಟು ನೆತ್ತಿಗೇರಿತು. "ಬೆಳಗ್ಗೆವರೆಗೂ ಇಲ್ಲೇ ಕೂತಿರು. ಸದ್ದು ನಿಂತ್ರೆ ನೀನೇ ಅಂತ ತೀರ್ಮಾನ ಆಯ್ತು" ಅಂದ್ರು. ನನಗೆ, "ನೀನು ಹೋಗಮ್ಮ" ಅಂದ್ರು. ನಾನು ಹೋಗಲಿಲ್ಲ. "ಡಬ್ಬಿ ತಗೊಂಡು ಹೋಗಬೇಕು ಸಾರ್, ಅವನು ಉಂಡು ಮುಗಿಸ್ಲಿ" ಅಂತ ಅಲ್ಲೇ ಕೂತೆ. ಅಣ್ಣನಿಗೆ ಕಣ್ಣಲ್ಲೇ ಹೇಳಿದೆ, ನಿಧಾನಕ್ಕೆ ಉಣ್ಣು ಅಂತ. ಅವನು ಒಂದೊಂದು ತುತ್ತನ್ನೂ ಹಲ್ಲಿಲ್ಲದ ಮುದುಕನ ಹಾಗೆ ಅಗಿದ. ಹೊರಗೆ ಊರು ಮಲಗಿತು.

ಫೋನು ಬಡ್ಕೊಳ್ತು.

ಇನ್‌ಸ್ಪೆಕ್ಟರು ಎತ್ತಿದ್ರು. ಡಾಕ್ಟರ ದನಿ ನನ್ನ ತನಕ ಕೇಳಿಸ್ತು, ಅಷ್ಟು ಜೋರು.

"ಹೊಡೀತಿದಾನೆ ಸಾರ್! ಈಗ! ಕೇಳಿಸ್ಕೊಳ್ಳಿ... ಗೋಡೆಗೆ ಹಿಡೀತೀನಿ ಫೋನು, ಕೇಳಿಸ್ಕೊಳ್ಳಿ!"

ಧಡ್...

"ಯಾರು ಹೊಡೀತಿರೋದು ಡಾಕ್ಟ್ರೇ?" ಇನ್‌ಸ್ಪೆಕ್ಟರ ದನಿ ಇಳಿದಿತ್ತು.

"ಇನ್ಯಾರು, ಆ ಕಮ್ಮಾರ!"

ಇನ್‌ಸ್ಪೆಕ್ಟರು ಅಣ್ಣನ ಕಡೆ ನೋಡಿದ್ರು. ಅಣ್ಣನ ಕೈಯಲ್ಲಿ ತುತ್ತು. ಬಾಯಿಗೂ ಹೋಗಿಲ್ಲ, ಡಬ್ಬಿಗೂ ಬಿದ್ದಿಲ್ಲ.

"ಕಮ್ಮಾರ ನನ್ನೆದುರಿಗೆ ಊಟ ಮಾಡ್ತಾ ಕೂತಿದಾನೆ."

ಫೋನಿನೊಳಗೆ ಬರೀ... ಧಡ್... ಧಡ್...

ನನಗೆ ಆಗ ಬಂತು ನೋಡಿ ನಡುಕ. ಜೊತೆಗೆ ಒಂದು ಥರದ ಖುಷಿ ಕೂಡ, ಮುಚ್ಚಿಡಲ್ಲ. ಹೊಡಿ ಅತ್ತಿಗೆ, ಇನ್ನೂ ಹೊಡಿ, ಅನ್ನಿಸ್ತು. ಬರ್ಕೊಳ್ಳಲಿ ಈಗ ಏನು ಬರ್ಕೊಳ್ತಾರೋ!

ಜೀಪು ಹೊರಟಿತು. ಮುಂದೆ ಇನ್‌ಸ್ಪೆಕ್ಟರು, ಹಿಂದೆ ಅಣ್ಣ, ನಾನು, ನನ್ನ ಡಬ್ಬಿ. ತಿರುವಿನಲ್ಲಿ ಇಂಜಿನ್ನು ನಿಲ್ಲಿಸಿದ್ರು. ನಿಲ್ಲಿಸಿದ ತಕ್ಷಣ ಕೇಳಿಸ್ತು. ಇಷ್ಟು ಹತ್ತಿರದಿಂದ ನಾನು ಕೇಳಿದ್ದು ಅದೇ ಮೊದಲು. ಹಲ್ಲಿನ ಬೇರಿಗೆ ತಾಕೋ ಸದ್ದು. ಬೀದಿಯ ಕಿಟಕಿಗಳಲ್ಲೆಲ್ಲ ತಲೆಗಳು. ಒಬ್ಬರೂ ಹೊರಗೆ ಬಂದಿಲ್ಲ, ಧೈರ್ಯವಂತರು.

ಡಾಕ್ಟರು ಮಾತ್ರ ಬಾಗಿಲಲ್ಲಿ ನಿಂತಿದ್ರು. ಅಣ್ಣ ಜೀಪಿಂದ ಇಳಿಯೋದು ನೋಡಿದ್ರು. ಒಂದು ಸಲ ಅವನನ್ನ, ಒಂದು ಸಲ ಕುಲುಮೆಯನ್ನ. ಬಾಯಿ ತೆರೆದಿದ್ದು ಮುಚ್ಚಲೇ ಇಲ್ಲ.

ಅವರ ಹಿಂದೆ ಹೆಂಡತಿ, ಭುಜದ ಮೇಲೆ ಮಗು. ಆಯಮ್ಮ ಮುಂದೆ ಬಂದು ನನ್ನ ಹತ್ರ ಪಿಸುಗುಟ್ಟಿದ್ರು.

"ಒಳಗಿರೋ ಹೆಂಗಸು ಯಾರು?"

"ಯಾವ ಹೆಂಗಸು?"

"ಗೋಡೆಗೆ ಕಿವಿ ಕೊಟ್ರೆ ಕೇಳಿಸುತ್ತೆ. ಒಂದೊಂದು ಏಟಿಗೂ ಉಸಿರು ಬಿಡ್ತಾರೆ. ಹುಂಹ್... ಅಂತ. ನಾನು ಇವರಿಗೆ ಹೇಳ್ತಾನೇ ಇದೀನಿ, ಹೊಡೀತಿರೋದು ಗಂಡಸಲ್ಲ ಅಂತ. ಇವರು ಕೇಳಲ್ಲ."

ಆಯಮ್ಮ ನಮ್ಮ ಅತ್ತಿಗೆನ ಕಂಡೇ ಇಲ್ಲ. ಅವರು ಬರೋ ಮೊದಲೇ ಅತ್ತಿಗೆ ಹೋಗಿದ್ದಳು. ಅವಳ ಉಸಿರಿನ ವಿಷಯ ನಮ್ಮ ಮನೆಯವರಿಗೆ ಬಿಟ್ರೆ ಯಾರಿಗೆ ಗೊತ್ತು? ಅಣ್ಣ ಇದನ್ನ ಕೇಳಿಸ್ಕೊಂಡ. ಜೀಪಿಗೆ ಕೈ ಊರಿ ನಿಂತ. ಅವನ ಕಣ್ಣಲ್ಲಿ ನೀರು ಬಂತು, ಒರೆಸ್ಕೊಳ್ಳಲೂ ಇಲ್ಲ.

"ಮಗು..." ಅಂದೆ ನಾನು, ಏನಾದ್ರೂ ಹೇಳಬೇಕಲ್ಲ ಅಂತ. "ನಿದ್ದೆ ಇಲ್ವಾ ಪಾಪ?"

"ಇದು ಮಲಗಿದೆ. ಈ ಸದ್ದು ಶುರುವಾದ ಮೇಲೆ ರಾತ್ರಿ ಏಳೋದೇ ಇಲ್ಲ. ನಿದ್ದೆ ಇಲ್ಲದಿರೋದು ಇವರಿಗೆ" ಅಂತ ಗಂಡನ ಕಡೆ ಗಲ್ಲ ತೋರಿಸಿದ್ರು.

ಇನ್‌ಸ್ಪೆಕ್ಟರು ಬೀಗಕ್ಕೆ ಟಾರ್ಚು ಬಿಟ್ರು. ಅರಗು ಒಡೆದಿಲ್ಲ, ಬಟ್ಟೆ ಸಡಿಲ ಆಗಿಲ್ಲ. ಒಳಗೆ ಏಟು ಬೀಳ್ತಿದೆ, ಪ್ರತಿ ಏಟಿಗೂ ಬೀಗ ಕಿಣಿ ಅಂತ ಅಲುಗ್ತಿದೆ. ಅವರು ಅಣ್ಣನ ಹತ್ರ ಬಂದ್ರು. ಸ್ಟೇಷನ್ನಿನ ದನಿ ಅಲ್ಲ ಈಗ.

"ಇದನ್ನ ನಿಲ್ಲಿಸೋಕೆ ಆಗುತ್ತೇನಯ್ಯ?"

"ಆಗುತ್ತೆ ಸಾರ್. ಸಣ್ಣ ಸುತ್ತಿಗೆಯಲ್ಲಿ ಅಡಿಗಲ್ಲ ಮೇಲೆ ಎರಡು ತಟ್ಟು. ಅಷ್ಟೇ."

"ಹಾಗಾದ್ರೆ ತಟ್ಟು, ಹೋಗು."

"ಒಳಗೆ ಹೋಗಬೇಕಲ್ಲ. ಬೀಗ ನಿಮ್ಮದು."

ಇನ್‌ಸ್ಪೆಕ್ಟರು ಜೇಬಿಗೆ ಕೈ ಹಾಕಿದ್ರು. ಅಣ್ಣ ಅಡ್ಡ ಬಂದ.

"ಇವತ್ತು ತೆಗೆದು ನಾಳೆ ಮತ್ತೆ ಹಾಕೋದಾದ್ರೆ ತೆಗೀಲೇಬೇಡಿ. ಅವಳು ಹೊಡ್ಕೊಂಡಿರ್ಲಿ. ಅವಳಿಗೇನು ಸುಸ್ತಾಗಲ್ಲ ಈಗ."

ನೋಡಿ, ಅರ್ಧ ಗಂಟೆ ಮುಂಚೆ ಸ್ಟೇಷನ್ ಬೆಂಚಿನ ಮೇಲೆ ಕೂತಿದ್ದ ಮನುಷ್ಯ, ಈಗ ಶರತ್ತು ಹಾಕ್ತಿದಾನೆ! ಇನ್‌ಸ್ಪೆಕ್ಟರು ಡಾಕ್ಟರ ಕಡೆ ನೋಡಿದ್ರು. ಡಾಕ್ಟರು ಗೋಡೆ ಕಡೆ ನೋಡಿದ್ರು.

"ಕಂಪ್ಲೇಂಟು ವಾಪಸ್ ತಗೋತೀನಿ" ಅಂದ್ರು, ಗಂಟಲಲ್ಲೇ. "ಹಗಲು ಹೊಡ್ಕೊಳ್ಲಿ. ಮಧ್ಯಾಹ್ನ ಒಂದು ಹೊತ್ತು ಬಿಟ್ಟು. ರಾತ್ರಿ... ಇದು ನಿಂತ್ರೆ ಸಾಕು."

"ಮಧ್ಯಾಹ್ನ ನಾನು ಮೊದಲೇ ಬಿಟ್ಟಿದ್ದೆ" ಅಂದ ಅಣ್ಣ. "ಆ ಒಂದು ದಿನ ಹೊಡೆದಿದ್ದು ತಪ್ಪು. ಅದು ಮಗುಗೆ ಹೇಳ್ತಿರೋದು, ನಿಮಗಲ್ಲ."

ಅರಗು ಚಟ್ ಅಂತ ಒಡೀತು. ಬೀಗ ತಿರುಗಿತು. ಬಾಗಿಲು ತಳ್ಳಿದ್ರು.

ಸದ್ದು ನಿಂತಿತು.

ಟಾರ್ಚಿನ ಬೆಳಕು ಒಳಗೆಲ್ಲ ಓಡಾಡಿತು. ಯಾರೂ ಇಲ್ಲ. ಒಲೆಯ ಬಾಯಿಗೆ ಜೇಡರ ಬಲೆ. ಬೂದಿ ಆರಿ ಗಟ್ಟಿಯಾಗಿತ್ತು. ಚಮ್ಮಟಿಗೆ ಮೂಲೆಯಲ್ಲಿ ಗೋಡೆಗೆ ಒರಗಿತ್ತು, ಅದರ ಹಿಡಿ ಮೇಲೂ ಧೂಳು. ಮಧ್ಯದಲ್ಲಿ ಅಡಿಗಲ್ಲು. ಅಡಿಗಲ್ಲಿನ ಆಚೆ, ಅತ್ತಿಗೆ ನಿಲ್ತಿದ್ದ ಜಾಗ. ಆ ಜಾಗದಿಂದ...

ಹುಂಹ್...

ದಣಿದವರು ಉಸಿರು ಬಿಡೋ ಸದ್ದು. ಡಾಕ್ಟರು ನನ್ನ ತೋಳು ಹಿಡ್ಕೊಂಡ್ರು. ಹಿಡ್ಕೊಂಡಿದ್ದು ಅವರಿಗೇ ಗೊತ್ತಿರಲಿಲ್ಲ ಅನ್ಸುತ್ತೆ.

ಅಣ್ಣ ಒಳಗೆ ಹೋದ. ಸಣ್ಣ ಸುತ್ತಿಗೆ ತಗೊಂಡ. ತನ್ನ ಜಾಗದಲ್ಲಿ ನಿಂತ.

"ತಟ್ಟು" ಅಂದ್ರು ಇನ್‌ಸ್ಪೆಕ್ಟರು, ಪಿಸುಮಾತಲ್ಲಿ. "ಆ ಎರಡು ತಟ್ಟಿ ಮುಗಿಸು."

ಅಣ್ಣ ಸುತ್ತಿಗೆ ಎತ್ತಿದ. ಎತ್ತಿದ್ದು ಹಾಗೇ ಇತ್ತು. ನಾನು ಅವನ ಮುಖವನ್ನೇ ನೋಡ್ತಿದ್ದೆ. ಎರಡು ಸಲ ತಟ್ಟಿದ್ರೆ ಎಲ್ಲ ಮುಗೀತು. ಬೀದಿಗೆ ನಿದ್ದೆ, ಪೊಲೀಸರಿಗೆ ನೆಮ್ಮದಿ, ಅವನಿಗೆ ಅವನ ಕುಲುಮೆ. ಆದ್ರೆ ಅವಳು ಹೋಗಿಬಿಡ್ತಾಳೆ. ಹೋದವಳನ್ನ ಇನ್ನೊಂದು ಸಲ ಕಳಿಸಬೇಕು, ಅದೂ ತನ್ನ ಕೈಯಾರೆ.

"ಇಲ್ಲ" ಅಂದ.

"ಏನು ಇಲ್ಲ?"

"ನಾನು ತಟ್ಟಲ್ಲ ಸಾರ್. ಬೇಕಾದ್ರೆ ಮತ್ತೆ ಸ್ಟೇಷನ್ನಿಗೆ ಕರ್ಕೊಂಡು ಹೋಗಿ. ಬೀಗ ಹಾಕಿದ್ದಕ್ಕೆ ಕತ್ತಲಲ್ಲಿ ಒಬ್ಬಳೇ ನಿಂತು ಕುಲುಮೆ ಉಳಿಸಿದಾಳೆ. ಅವಳಿಗೆ ಸಾಕು ಹೋಗು ಅನ್ನೋಕೆ ನಾನ್ಯಾರು, ನೀವ್ಯಾರು?"

ಅವನು ಅಡಿಗಲ್ಲಿನ ಆಚೆ ನೋಡ್ಕೊಂಡು, ನಾವು ಯಾರೂ ಅಲ್ಲಿ ಇಲ್ಲವೇ ಇಲ್ಲ ಅನ್ನೋ ಹಾಗೆ ಮಾತಾಡಿದ. ಮೆಲ್ಲಗೆ, ಮನೆಯಲ್ಲಿ ಮಾತಾಡೋ ಹಾಗೆ.

"ರಾತ್ರಿ ಬೇಡ ಕಣೇ. ಪಕ್ಕದಲ್ಲಿ ಮಗು ಇದೆ. ಬೆಳಗ್ಗೆ ಬೆಂಕಿ ಹಾಕ್ತೀನಿ, ಆವಾಗ ಬಾ."

ಆಮೇಲೆ ಸುತ್ತಿಗೆ ಇಳಿಸಿದ. ಅಡಿಗಲ್ಲಿನ ಮಧ್ಯಕ್ಕೆ, ಒಂದೇ ಒಂದು ಸಲ.

ಟಿಣ್.

ಒಂದು ಸಲ ಅಂದ್ರೆ ಸಾಕು ಅಂತ ಅಲ್ಲ. ಇಲ್ಲಿ ಹೊಡಿ ಅಂತ.

ಧಡ್!

ಅಡಿಗಲ್ಲು ಕುಣೀತು. ಸೂರಿಂದ ಮಸಿ ನಮ್ಮ ತಲೆ ಮೇಲೆ ಸುರೀತು. ಇನ್‌ಸ್ಪೆಕ್ಟರ ಕೈಯಿಂದ ಟಾರ್ಚು ಬಿತ್ತು, ಉರುಳ್ಕೊಂಡು ಹೋಗಿ ಮೂಲೆಗೆ ನಿಂತಿತು. ಅದರ ಬೆಳಕಲ್ಲಿ ನಾನು ನೋಡಿದೆ. ಚಮ್ಮಟಿಗೆ ಇದ್ದಲ್ಲೇ ಇತ್ತು. ಹಿಡಿ ಮೇಲಿನ ಧೂಳು ಕೂಡ ಹಾಗೇ ಇತ್ತು.

ಆಮೇಲೆ ಸದ್ದಿಲ್ಲ. ಅಣ್ಣ ಸುತ್ತಿಗೆಯನ್ನ ಅಡಿಗಲ್ಲ ಮೇಲೇ ಬಿಟ್ಟು ಹೊರಗೆ ಬಂದ. ಇನ್‌ಸ್ಪೆಕ್ಟರು ಟೋಪಿ ತೆಗೆದು ಮಸಿ ಕೊಡವಿದ್ರು, ಮತ್ತೆ ಹಾಕ್ಕೊಂಡ್ರು. "ಬೆಳಗ್ಗೆ ಬಾಗಿಲು ತೆಕ್ಕೋ" ಅಂದ್ರು. "ಯಾರಾದ್ರೂ ಕೇಳಿದ್ರೆ ನಾನು ಹೇಳಿದೀನಿ ಅನ್ನು." ಡಾಕ್ಟರು ನನ್ನ ತೋಳು ಬಿಟ್ರು. ಅವರ ಉಗುರು ಕೂತ ಜಾಗ ಎರಡು ದಿನ ನೀಲಿಯಿತ್ತು. ಹಲ್ಲು ಕೀಳೋ ಕೈ ಅಲ್ವಾ!

ಅಣ್ಣ ಇವತ್ತಿಗೂ ಅಲ್ಲೇ ಇದಾನೆ. ಇವತ್ತಿಗೂ ಒಬ್ಬನೇ. ಹಗಲು ಹೊತ್ತು ಆ ಬೀದಿಯಲ್ಲಿ ಹೋದವರಿಗೆ ಟಿಣ್ ಅನ್ನೋದು ಕೇಳಿಸುತ್ತೆ, ಧಡ್ ಅನ್ನೋದೂ ಕೇಳಿಸುತ್ತೆ. ಬಗ್ಗಿ ನೋಡೋರು ಯಾರೂ ಇಲ್ಲ. ರಾತ್ರಿ ಬೀದಿ ಸುಮ್ಮನಿರುತ್ತೆ. ಸಾಕು ಅನ್ನೋ ಆ ಎರಡು ತಟ್ಟನ್ನ ಅವನು ಇನ್ನೂ ತಟ್ಟಿಲ್ಲ, ತಟ್ಟೋದೂ ಇಲ್ಲ ಅಂತಾನೆ. ಒಳ್ಳೇದೇ ಮಾಡಿದ ಅಂತೀನಿ ನಾನು. ದೆವ್ವ ಅಂತೆ! ಹೆದರ್ಕೊಳ್ಳೋರು ಹೆದರ್ಕೊಳ್ಳಲಿ. ನಮಗೆ ಅವಳು ಅತ್ತಿಗೆ.

ಎಲ್ಲ ಗಾಳಿಗೆ ಅಲುಗಿದ ತಗಡು ಅಂತೀರಾ? ಕಟ್ಟಡದ ಪೈಪಿನ ಸದ್ದು ಅಂತೀರಾ? ಒಬ್ಬರು ನನಗೆ ಹಾಗೇ ಬಿಡಿಸಿ ಬಿಡಿಸಿ ಹೇಳೋಕೆ ಬಂದಿದ್ರು. ಹೇಳ್ಲಿ. ಆದ್ರೆ ಅವತ್ತು ಎಲ್ಲರೂ ಹೊರಗೆ ಹೋದ ಮೇಲೆ ಟಾರ್ಚು ಎತ್ಕೊಡೋಣ ಅಂತ ನಾನೊಬ್ಬಳೇ ಮೂಲೆಗೆ ಹೋದೆ. ಅಲ್ಲಿ ಕಾದ ಕಬ್ಬಿಣ ಅದ್ದೋ ಕಲ್ಲಿನ ತೊಟ್ಟಿ ಇದೆ. ಕಾಲು ಎಡವಿತು, ಬೀಳದ ಹಾಗೆ ಕೈ ಊರೋಕೆ ಹೋದೆ, ಕೈ ತೊಟ್ಟಿಯೊಳಗೆ ಹೋಯ್ತು. ಮೊಣಕೈವರೆಗೂ. ಇದೇ ಬಲಗೈ, ನೋಡಿ.

ನೀರು ಬಿಸಿಯಿತ್ತು.